ಕಣ್ಣಿಲ್ಲದ ಮೆಡೂಸಾ ಮತ್ತು ಅಥೆನ್ಸಿನ ಒಂದು ಭಾನುವಾರ

ಅಮೃತಹಳ್ಳಿ

ಹೊರಡುವ ದಿನ ಬೆಳಿಗ್ಗೆ ನಮ್ಮ ಆಫೀಸಿನ ಬಾಗಿಲಲ್ಲಿ ಎಲ್ಲರೂ ನಿಂತಿದ್ದರು. ಕಂಪ್ಯೂಟರ್ ಮುಂದೆ ಕೂತು ಚಿತ್ರ ಬರೆಯುವ ಆರು ಜನ, ಮಾಲೀಕರಾದ ಮುನಿರಾಜಣ್ಣ, ಅವರ ತಾಯಿ ಪಿಳ್ಳಮ್ಮನವರು. ನಾನು ಮಾತ್ರ ನಿಂತಿರಲಿಲ್ಲ, ಮುಚ್ಚಿಕೊಳ್ಳದ ಹೊಸ ಸೂಟ್‌ಕೇಸಿನ ಮೇಲೆ ಕೂತಿದ್ದೆ. ಹೆಬ್ಬಾಳದಿಂದ ವಿಮಾನ ನಿಲ್ದಾಣಕ್ಕೆ ಮೇಲುರಸ್ತೆ ತೆರೆದ ವರ್ಷ ಅದು. ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತ ದಿನಾ ವಿಮಾನ ನೋಡಿದವಳೇ ಹೊರತು ಒಂದರೊಳಗೆ ಕೂತವಳಲ್ಲ. ಮುನಿರಾಜಣ್ಣನೂ ಅಷ್ಟೆ.

"ಕಲಮ್ಮ, ಇವನ ಮ್ಯಾಲೆ ಒಂದು ಕಣ್ಣಿಟ್ಟಿರು," ಎಂದರು ಪಿಳ್ಳಮ್ಮ. "ಮೆಜೆಸ್ಟಿಕ್‌ನಾಗೇ ದಾರಿ ತಪ್ಪಿಸ್ಕೊಂಡವ್ನೆ."

"ಅವ್ವಾ, ಅಂಡರ್‌ಪಾಸ್ ಕಣವ್ವ ಅದು. ಅಲ್ಲಿ ಎಲ್ರೂ ತಪ್ಪಿಸ್ಕಂತಾರೆ," ಎಂದರು ಐವತ್ತು ದಾಟಿದ ಮುನಿರಾಜಣ್ಣ.

ನಮ್ಮ ಆಫೀಸೆಂದರೆ ಅವರ ಮನೆಯ ಕೆಳಗಿನ ಅಂತಸ್ತು. ಅವರ ತಂದೆಯ ಕಾಲದಲ್ಲಿ ಅಲ್ಲಿ ದನ ಕಟ್ಟುತ್ತಿದ್ದರಂತೆ. ಆಮೇಲೆ ಅದು ಮುಖಂಡರ ಹುಟ್ಟುಹಬ್ಬಕ್ಕೆ ಫ್ಲೆಕ್ಸ್ ಮುದ್ರಿಸುವ ಅಂಗಡಿಯಾಯಿತು. ಕಪ್ಪು ಮುಖಂಡರನ್ನು ಗುಲಾಬಿ ಬಣ್ಣಕ್ಕೆ ತರುತ್ತಿದ್ದ ನಮ್ಮ ಕೈಗಳೇ ಈಗ ಹೊರದೇಶದ ಕಂಪನಿಗಳಿಗೆ ಆಟದ ಚಿತ್ರ ಬರೆಯುತ್ತಿದ್ದವು. ಆಟವೆಂದರೆ ಮಕ್ಕಳದ್ದಲ್ಲ, ಕ್ಯಾಸಿನೊ ಯಂತ್ರದ್ದು. ಗುಂಡಿ ಒತ್ತಿದರೆ ಐದು ಕಂಬದಲ್ಲಿ ಚಿತ್ರಗಳು ಗಿರ್ರನೆ ಸುತ್ತುತ್ತವೆ, ನಿಂತಾಗ ಒಂದೇ ಚಿತ್ರ ಸಾಲಾಗಿ ಬಂದರೆ ಗೆಲುವು. ನಮಗೆ ಬಂದಿದ್ದು ಗ್ರೀಕ್ ದೇವರ ಆಟ. ಒಂಬತ್ತು ಮುಖಗಳು: ಸಿಡಿಲು ಹಿಡಿದ ಝ್ಯೂಸ್, ಕಡಲಿನ ಪೊಸೈಡನ್, ಬುದ್ಧಿಯ ದೇವತೆ ಅಥೀನಾ, ಹೀಗೆ. ಎಲ್ಲರಿಗಿಂತ ಮುಖ್ಯಳಾದವಳು ತಲೆಯಲ್ಲಿ ಕೂದಲಿನ ಬದಲು ಹಾವಿರುವ ಮೆಡೂಸಾ. ಅವಳನ್ನು ಕಂಡವರು ಕಲ್ಲಾಗುತ್ತಾರೆಂದು ಕಥೆ. ಆಟದಲ್ಲೂ ಹಾಗೆಯೇ. ಅವಳ ಮುಖ ಬಂದು ಕಣ್ಣು ಮಿನುಗಿದರೆ ಅಕ್ಕಪಕ್ಕದ ಚಿತ್ರಗಳು ಕಲ್ಲಾಗಿ ಅಲ್ಲೇ ನಿಲ್ಲುತ್ತವೆ, ಮುಂದಿನ ಸುತ್ತಿಗೂ ಕದಲುವುದಿಲ್ಲ. ಆಡುವವರು ಕಾಯುವುದೇ ಅದಕ್ಕಾಗಿ.

ಚಿತ್ರಗಳನ್ನು ಯಂತ್ರದಲ್ಲಿ ಕೂರಿಸಿ ನೋಡುವ ದಿನಕ್ಕೆ ಅಥೆನ್ಸಿನ ಕಂಪನಿ ನಮ್ಮಿಬ್ಬರನ್ನು ಕರೆಸಿತ್ತು. ಅವರು ಒಪ್ಪಿದರೆ ಇನ್ನೂ ನಾಲ್ಕು ಆಟಗಳ ಕೆಲಸ ನಮಗೇ. ಒಪ್ಪದಿದ್ದರೆ ಕೆಳಗಿನ ಅಂತಸ್ತು ಟೈಲ್ಸ್ ಅಂಗಡಿಯವರಿಗೆ ಬಾಡಿಗೆಗೆ ಎಂದು ಮುನಿರಾಜಣ್ಣನ ಮನೆಯಲ್ಲಿ ಮಾತಾಗಿಹೋಗಿತ್ತು. ಬಾಗಿಲಲ್ಲಿ ನಿಂತು ಕೈಬೀಸಿದ ಆರೂ ಜನರಿಗೆ ಅದು ಗೊತ್ತಿತ್ತು.

ದೋಹಾ

ವಿಮಾನ ಬದಲಿಸಲು ಇಳಿದಾಗ ಮುನಿರಾಜಣ್ಣನ ಕೈಚೀಲವನ್ನು ತಡೆದರು. ಒಳಗಿದ್ದದ್ದು ಹುಚ್ಚೆಳ್ಳಿನ ಚಟ್ನಿಪುಡಿ. ಅಧಿಕಾರಿ ಪೊಟ್ಟಣ ಬಿಚ್ಚಿ, ಮೂಗಿನ ಹತ್ತಿರ ತಂದು, ಒಂದಾದಮೇಲೆ ಒಂದು ಏಳು ಸಲ ಸೀನಿದ. ನಮ್ಮ ಪ್ರಯಾಣ ಅಲ್ಲಿಗೇ ಮುಗಿಯಿತೆಂದುಕೊಂಡೆ. ಮುನಿರಾಜಣ್ಣ ಒಂದು ಚಿಟಿಕೆ ತಮ್ಮ ಬಾಯಿಗೆ ಹಾಕಿಕೊಂಡು, "ಊಟಕ್ಕೆ ಸಾರ್, ಊಟಕ್ಕೆ," ಎಂದು ಕೈಯಲ್ಲೇ ತುತ್ತು ಮಾಡಿ ತೋರಿಸಿದರು. ಆತನೂ ಒಂದು ಚಿಟಿಕೆ ತಿಂದ. ಕಣ್ಣಲ್ಲಿ ನೀರು ಬಂತು. ಏನನ್ನಿಸಿತೋ, ನಗುತ್ತ ಪೊಟ್ಟಣ ಕಟ್ಟಿ, ತನ್ನ ಕೈಯಾರೆ ಚೀಲದೊಳಗಿಟ್ಟು ಕಳಿಸಿದ. ಈ ಪ್ರವಾಸದಲ್ಲಿ ನಮಗೆ ಸಿಕ್ಕ ಒಳ್ಳೆಯವರಲ್ಲಿ ಅವನೇ ಮೊದಲನೆಯವನು.

ಅಥೆನ್ಸ್, ಶನಿವಾರ

ನಮ್ಮನ್ನು ಕರೆದೊಯ್ಯಲು ಬಂದವಳು ಎಲೆನಿ. ಒಂದು ವರ್ಷದಿಂದ ಪರದೆಯಲ್ಲಿ ಕಂಡ ಮುಖ. ಕಂಪನಿಯ ಪರವಾಗಿ ನಮ್ಮ ಚಿತ್ರಗಳನ್ನು ತಿದ್ದಿಸುತ್ತಿದ್ದವಳು ಇವಳೇ. ನನ್ನ ಮೊದಲ ಝ್ಯೂಸ್‌ಗೆ ಮೀಸೆ ತಿರುವಿ ಬರೆದಾಗ, "ಕಲಾ, ಇವನು ದೇವರಾಜ, ಕುಸ್ತಿ ಪೈಲ್ವಾನನಲ್ಲ," ಎಂದು ಬರೆದಿದ್ದಳು. ಅಥೀನಾಳ ಹೆಗಲ ಮೇಲೆ ಗೂಬೆ ಇರಬೇಕಿತ್ತು. ಆಫೀಸಿನಲ್ಲಿ ಗೂಬೆ ಬೇಡವೆಂದು ಮುನಿರಾಜಣ್ಣ ಹಟ ಹಿಡಿದಿದ್ದರಿಂದ ನಾನು ಗಿಳಿ ಬರೆದು ಕಳಿಸಿದ್ದೆ. ಮೀನಾಕ್ಷಿಯ ಕೈಯಲ್ಲಿ ಗಿಳಿ ಇರುವಾಗ ಅಥೀನಾಳ ಹೆಗಲಲ್ಲಿ ಯಾಕಿರಬಾರದು? ಎಲೆನಿ ಉತ್ತರವಾಗಿ ಹತ್ತು ಗೂಬೆಗಳ ಫೋಟೊ ಕಳಿಸಿದ್ದಳು, ಕೊನೆಗೆ ಗೂಬೆಯನ್ನೇ ಬರೆಯಬೇಕಾಯಿತು.

ಅಥೆನ್ಸಿನಲ್ಲಿಳಿದು ನೋಡಿದರೆ ಊರಿಗೆ ಊರೇ ಗೂಬೆ. ನಾಣ್ಯದ ಮೇಲೆ ಗೂಬೆ, ಟೀ ಶರ್ಟಿನ ಮೇಲೆ ಗೂಬೆ, ಅಂಗಡಿಯ ಹೆಸರಿನ ಪಕ್ಕದಲ್ಲಿ ಗೂಬೆ.

"ಇಷ್ಟೊಂದು ಗೂಬೆ ಮಡಗ್ಕೊಂಡ್ರೆ ಏಳಿಗೆ ಎಂಗಾದಾತು?" ಎಂದರು ಮುನಿರಾಜಣ್ಣ ನನ್ನ ಕಿವಿಯಲ್ಲಿ. ಆಗ ಆ ದೇಶದ ಸ್ಥಿತಿಯೂ ಹಾಗೆಯೇ ಇತ್ತು. ಬೀದಿಗೆರಡು ಅಂಗಡಿ ಬಾಗಿಲು ಮುಚ್ಚಿದ್ದವು. ಅವರು ಏನೆಂದರು ಎಂದು ಎಲೆನಿ ನನ್ನನ್ನು ಕೇಳಿದಳು. ಊರು ಚೆನ್ನಾಗಿದೆಯಂತೆ ಎಂದೆ.

ಕಾರ್ಖಾನೆ ಊರ ಹೊರಗಿನ ಒಂದು ಹಳೆಯ ಗೋದಾಮು. ಯಾನಿಸ್ ಎಂಬ ಎಂಜಿನಿಯರು ಯಂತ್ರದ ಸ್ವಿಚ್ ಒತ್ತಿದ. ಬಾಗಿಲಿನಷ್ಟು ಎತ್ತರದ ಯಂತ್ರ ಬೆಳಗಿತು, ಶಂಖದಂಥ ದನಿ ಬಂತು, ನನ್ನ ದೇವರುಗಳು ಸುತ್ತತೊಡಗಿದರು. ನಿಂತರು.

ಒಂಬತ್ತು ಮುಖಕ್ಕೂ ಕಣ್ಣಿರಲಿಲ್ಲ. ರೆಪ್ಪೆಯಿತ್ತು, ಹುಬ್ಬಿತ್ತು, ನಡುವೆ ಬರೀ ಬಿಳುಪು. ಮೆಡೂಸಾ ಬಂದಳು, ಕಣ್ಣು ಮಿನುಗಬೇಕಾದ ಜಾಗದಲ್ಲಿ ಏನೂ ಆಗಲಿಲ್ಲ, ಅಕ್ಕಪಕ್ಕದವರು ಕಾರಣವಿಲ್ಲದೆ ಕಲ್ಲಾದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನನ್ನ ಕೈಗೆ ಕುಂಚ ಕೊಟ್ಟವರು ಯಲಹಂಕದಲ್ಲಿರುವ ನನ್ನ ಸೋದರಮಾವ. ರಾಜಾನುಕುಂಟೆಯ ಆಚೀಚಿನ ಎಷ್ಟೋ ಗುಡಿಗಳ ಗೋಪುರದ ಬೊಂಬೆಗಳಿಗೆ ಬಣ್ಣ ಹಚ್ಚಿದವರು. ಅವರ ಕೈಯಲ್ಲಿ ಕಣ್ಣು ಯಾವಾಗಲೂ ಕೊನೆಗೆ. ಸೀರೆಯ ಅಂಚು, ಕಾಲುಂಗುರ, ಉಗುರು ಎಲ್ಲ ಮುಗಿದ ಮೇಲೆ, ಒಳ್ಳೆಯ ದಿನ ನೋಡಿ, ಸ್ನಾನ ಮಾಡಿ, ಬರಿಹೊಟ್ಟೆಯಲ್ಲಿ ಅಟ್ಟಣೆ ಹತ್ತಿ ಪಾಪೆಯ ಚುಕ್ಕಿ ಇಡುತ್ತಿದ್ದರು. ಕಣ್ಣು ತೆರೆದ ಮೇಲೆಯೇ ಅದು ದೇವರು, ಅಲ್ಲಿಯವರೆಗೆ ಗಾರೆ. ಕಂಪ್ಯೂಟರಿನಲ್ಲಿ ಬರೆಯುವಾಗಲೂ ನಾನು ಅದನ್ನು ಬಿಡಲಾರದೆ ಹೋಗಿದ್ದೆ. ಈ ಒಂಬತ್ತು ಚಿತ್ರಗಳನ್ನು ಅಳತೆ ಸರಿಯಿದೆಯೇ ನೋಡಲಿ ಎಂದು ಕಣ್ಣಿಲ್ಲದೆ ಕಳಿಸಿದ್ದೆವು. ಅವತ್ತು ಅಮಾವಾಸ್ಯೆ, ಹಾಗಾಗಿ ಕಣ್ಣನ್ನು ಅಥೆನ್ಸಿನಲ್ಲೇ, ಅಳತೆ ಒಪ್ಪಿಗೆಯಾದ ಮೇಲೆ ಇಡುವುದೆಂದುಕೊಂಡಿದ್ದೆ. ನಾನು ವೀಸಾಕ್ಕೆ ಹೋಗಿದ್ದ ದಿನ ಎಲೆನಿ ಪರದೆಯಲ್ಲಿ ಬಂದು ಮುನಿರಾಜಣ್ಣನನ್ನು, "ಇವೇ ಕೊನೆಯವು ಎಂದುಕೊಳ್ಳಲೇ?" ಎಂದು ಕೇಳಿದ್ದಾಳೆ. ಅವಳ ಇಂಗ್ಲಿಷಿನ ವೇಗಕ್ಕೆ ಅರ್ಧವೂ ತಿಳಿಯದ ಮುನಿರಾಜಣ್ಣ, ನಾವೆಲ್ಲ ಮಾಡುವಂತೆ, ಮರ್ಯಾದೆಗೆ ತಲೆಯನ್ನು ಅತ್ತಿತ್ತ ತೂಗಿದ್ದಾರೆ. ನಮ್ಮಲ್ಲಿ ಅದಕ್ಕೆ 'ಕೇಳಿಸ್ಕೋತಿದೀನಿ, ಹೇಳಿ' ಎಂದಷ್ಟೇ ಅರ್ಥ. ಅವಳು ಆಯಿತು ಎಂದು ತಿಳಿದು, ಚಿತ್ರಗಳನ್ನು ಮತ್ತೆ ತೆರೆದು ನೋಡದೆಯೇ ಯಂತ್ರಕ್ಕೆ ಏರಿಸಿಬಿಟ್ಟಿದ್ದಳು.

"ನೀವು ತಲೆ ಆಡಿಸಿದಿರಲ್ಲ!" ಎಂದಳು ಎಲೆನಿ.

"ನಾನು ಸುಮ್ಕೆ ಆಡಿಸ್ದೆ ಕಣಮ್ಮ," ಎಂದರು ಮುನಿರಾಜಣ್ಣ ಕನ್ನಡದಲ್ಲೇ, ಮತ್ತೊಮ್ಮೆ ಆಡಿಸಿ.

ಸೋಮವಾರ ಮಧ್ಯಾಹ್ನ ಯಂತ್ರ ನೋಡಲು ಕ್ಯಾಸಿನೊಗಳ ಪರವಾಗಿ ಒಬ್ಬ ಹಿರಿಯ ಬರುವವನಿದ್ದ. ಅವನು ಹೂಂ ಅಂದರೆ ಹೂಂ. ಈಗ ಶನಿವಾರ ಸಂಜೆ ನಾಲ್ಕು.

ಮ್ಯೂಸಿಯಂ

ಯಾನಿಸ್ ಒಂದು ಉಪಾಯ ಹೇಳಿದ. ಹೀಗೇ ಬಿಟ್ಟರೇನು? ಲೋಕದ ಜನ ಗ್ರೀಕ್ ದೇವರನ್ನು ನೋಡಿರುವುದೇ ಕಣ್ಣಿಲ್ಲದ ಅಮೃತಶಿಲೆಯಲ್ಲಿ. ಬೇಕಾದರೆ ಹೋಗಿ ನೋಡಿ ಎಂದ. ಎಲೆನಿ ನಮ್ಮನ್ನು ಕಾರಿನಲ್ಲಿ ಕೂರಿಸಿಕೊಂಡು ದೊಡ್ಡ ಮ್ಯೂಸಿಯಮ್ಮಿಗೆ ಹೊರಟಳು. ಕಾರಿನ ಕನ್ನಡಿಗೆ ನೀಲಿ ಗಾಜಿನ ಒಂದು ಕಣ್ಣು ತೂಗುಹಾಕಿದ್ದಳು. ದಾರಿಯುದ್ದಕ್ಕೂ ಅಂಗಡಿಗಳ ಬಾಗಿಲಲ್ಲೂ ಅಂಥವೇ ಕಣ್ಣು. ದೃಷ್ಟಿ ತಾಕದಿರಲಿ ಎಂದು ಕಟ್ಟುವುದಂತೆ. ನಮ್ಮ ಕಡೆ ಕಟ್ಟುವ ಮನೆಗೆ ಬೂದುಗುಂಬಳ ಕಟ್ಟುತ್ತಾರೆ ಎಂದೆ. "ಕಣ್ಣಿಗೆ ಕಣ್ಣೇ ಸುಲಭವಲ್ಲವೆ?" ಎಂದಳು.

ಮ್ಯೂಸಿಯಮ್ಮಿನಲ್ಲಿ ಸಾಲು ಸಾಲು ದೇವರು. ಹಾಲಿನಂಥ ಕಲ್ಲು, ಜೀವ ಬಂದಂಥ ಮೈ, ಕಣ್ಣಿನ ಜಾಗದಲ್ಲಿ ನಯವಾದ ಉಬ್ಬು. ಒಬ್ಬರಾದರೂ ನಮ್ಮನ್ನು ನೋಡುತ್ತಿಲ್ಲ.

"ಯಾರಾನ ಕಣ್ ಬರಿಯೋಕೆ ಮುಂಚೇನೆ ಓಗ್ಬಿಟ್ರಾ ಇಲ್ಲಿ?" ಎಂದರು ಮುನಿರಾಜಣ್ಣ ಮೆಲ್ಲಗೆ.

ಎಲೆನಿ ಹೇಳಿದಳು, ಎಲ್ಲಕ್ಕೂ ಬಣ್ಣ ಇತ್ತಂತೆ. ತುಟಿ ಕೆಂಪು, ಕೂದಲು ಕಂದು, ಕಣ್ಣಲ್ಲಿ ಪಾಪೆ. ಮಳೆ ಬಿಸಿಲಿಗೆ ಎಲ್ಲ ಹೋಯಿತು. ಮತ್ತೆ ಬಳಿಯಲು ಯಾರೂ ಬರಲಿಲ್ಲ. ಹನ್ನೆರಡು ವರ್ಷಕ್ಕೊಮ್ಮೆ ನನ್ನ ಮಾವ ಬಣ್ಣದ ಡಬ್ಬ ಹಿಡಿದು ಮತ್ತೆ ಅದೇ ಗೋಪುರ ಹತ್ತುವುದು ನೆನಪಾಯಿತು. ಒಂದು ಮೂಲೆಯಲ್ಲಿ ಕಂಚಿನ ಯುವಕನೊಬ್ಬನಿಗೆ ಮಾತ್ರ ಬೇರೆ ಕಲ್ಲಿನಿಂದ ಕೂರಿಸಿದ ಕಣ್ಣು ಉಳಿದಿತ್ತು. ಅವನ ಮುಂದೆ ಹೋದಾಗ ನಾನು ನನಗರಿವಿಲ್ಲದೆ ಸೆರಗು ಸರಿಮಾಡಿಕೊಂಡೆ.

"ನಿನ್ನ ದೇವರನ್ನು ಜೂಜಿಗೆ ಇಟ್ಟಿದ್ದಾರೆಂದು ಬೇಸರ ಇಲ್ಲವೇ?" ಎಂದು ಎಲೆನಿಯನ್ನು ಕೇಳಿದೆ. ಬಹಳ ದಿನದಿಂದ ಕೇಳಬೇಕೆಂದಿದ್ದ ಪ್ರಶ್ನೆ.

"ಇವರನ್ನು ಪೂಜಿಸಿದವರು ಹೋಗಿ ಎಷ್ಟೋ ಕಾಲವಾಯಿತು. ಅದಕ್ಕೇ ಎಲ್ಲರೂ ಧೈರ್ಯವಾಗಿ ಬಳಸುತ್ತಾರೆ. ಆಯುಧ ನೋಡಿದರೆ ಸಾಕು, ಸುತ್ತುವಾಗಲೂ ಗುರುತು ಸಿಗುತ್ತಾರೆ. ಕೋಪ, ಹೊಟ್ಟೆಕಿಚ್ಚು, ಒಲವು ಎಲ್ಲ ಇವೆ. ಆಟಕ್ಕೆ ಇನ್ನೇನು ಬೇಕು?" ಎಂದಳು. ಹೊರಬಾಗಿಲ ಕಡೆ ನಡೆಯುತ್ತ, "ಚೆನ್ನಾಗಿ ಬರೆಯದಿದ್ದರೆ ಮಾತ್ರ ಬೇಸರ," ಎಂದಳು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆವು. "ಯಾನಿಸ್ ಹೇಳಿದ ಹಾಗೇ ಬಿಟ್ಬಿಡೋಣ್ವಾ ಅಣ್ಣ?" ಎಂದೆ. ನನಗೆ ಭಯವಾಗಿತ್ತು.

"ನನ್ನ ಕೇಳಬ್ಯಾಡ ಕಲಮ್ಮ. ತಲೆ ಆಡ್ಸಿ ಕೆಡಿಸ್ದೋನು ನಾನು. ಇನ್ಮ್ಯಾಕೆ ಈ ದೇಶದಾಗೆ ಕತ್ತು ಅಲುಗಿಸಾಕಿಲ್ಲ."

ಯಾನಿಸ್ ಹೆಸರು ಕೇಳಿಯೇ ವಿಷಯ ಊಹಿಸಿದ ಎಲೆನಿ ನಾಲಿಗೆಯಲ್ಲಿ 'ತ್ಚ್' ಎಂದು ಗದ್ದ ಮೇಲೆತ್ತಿದಳು. ಅವರಲ್ಲಿ ಅದು 'ಇಲ್ಲ'. ನಮ್ಮಲ್ಲೂ ಆ ಸದ್ದಿಗೆ ಅದೇ ಅರ್ಥ. "ಮೆಡೂಸಾ ನೋಡದಿದ್ದರೆ ಆಟವೇ ಇಲ್ಲ. ನಾಳೆ ಕಾರ್ಖಾನೆ ರಜಾ. ನಮ್ಮ ಮನೆಗೆ ಬನ್ನಿ, ಅಲ್ಲೇ ಬರೆಯೋಣ. ಸಂಜೆ ಐದಕ್ಕೆ ಯಾನಿಸ್ ಬಂದು ಒಯ್ಯುತ್ತಾನೆ."

ಅರ್ಧ ಕೆಲಸ ಕಳಿಸಿದ್ದಾರೆಂದು ಮೇಲಿನವರಿಗೆ ಒಂದು ಸಾಲು ಬರೆದಿದ್ದರೆ ಅವಳ ಜವಾಬ್ದಾರಿ ತೀರುತ್ತಿತ್ತು. ಅವಳು ಬರೆಯಲಿಲ್ಲ.

ಎಲೆನಿಯ ಮನೆ, ಭಾನುವಾರ

ನಾಲ್ಕನೇ ಮಹಡಿಯ ಚಿಕ್ಕ ಮನೆ. ಎಲೆನಿಯ ಅಮ್ಮನಿಗೆ ಇಂಗ್ಲಿಷ್ ಬಾರದು, ಮುನಿರಾಜಣ್ಣನಿಗೆ ಗ್ರೀಕ್ ಬಾರದು. ಹತ್ತೇ ನಿಮಿಷದಲ್ಲಿ ಇಬ್ಬರೂ ಅಡಿಗೆಮನೆಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ಹೊಲದ ಬದುವಿನಲ್ಲಿ ಕಿತ್ತು ತಂದ ಐದಾರು ತರದ ಸೊಪ್ಪು. "ಬೆರಕೆ ಸೊಪ್ಪು ಕಲಮ್ಮ! ಥೇಟ್ ನಮ್ಮದೇಯ!" ಎಂದು ಒಳಗಿಂದ ಕೂಗಿದರು. ಅಲ್ಲಿಯವರು ಸೊಪ್ಪನ್ನು ಬೇಯಿಸಿ, ನಿಂಬೆರಸ ಹಿಂಡಿ, ಎಣ್ಣೆ ಸುರಿದು ತಿನ್ನುತ್ತಾರೆ. ಆವತ್ತು ಅದರ ಮೇಲೆ ಹುಚ್ಚೆಳ್ಳಿನ ಪುಡಿಯೂ ಬಿತ್ತು.

ನಾನು ಸ್ನಾನ ಮಾಡಿ, ಏನೂ ತಿನ್ನದೆ ಬಂದಿದ್ದೆ. ತಿನ್ನದವಳನ್ನು ಕಂಡು ಆ ತಾಯಿಗೆ ಸಂಕಟ. ಮೂರು ಸಲ ತಟ್ಟೆ ತಂದರು. ಎಲೆನಿ ಕಾರಣ ಹೇಳಿದ ಮೇಲೆ ತಟ್ಟೆಯನ್ನು ಮುಚ್ಚಿಟ್ಟು, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಚರ್ಚಿಗೆ ಚಿತ್ರ ಬರೆಯುವವರೂ ಉಪವಾಸವಿದ್ದು ಬರೆಯುತ್ತಾರಂತೆ.

ಎಂಟು ದೇವರ ಕಣ್ಣು ಮಧ್ಯಾಹ್ನದೊಳಗೆ ತೆರೆದವು. ಮೆಡೂಸಾ ಮಾತ್ರ ಬರಲಿಲ್ಲ. ಬರೆದಷ್ಟು ಸಲವೂ ಅವಳು ನಮ್ಮ ಯಲ್ಲಮ್ಮನಾಗಿಬಿಡುತ್ತಿದ್ದಳು. ಅಗಲ ಕಣ್ಣು, ನೋಡಿದರೆ ಕಾಪಾಡುತ್ತಾಳೆ ಅನ್ನಿಸುವಂಥದ್ದು. ಅಳಿಸಿದೆ, ಬರೆದೆ, ಅಳಿಸಿದೆ. ಗಂಟೆ ಎರಡಾಯಿತು. ಮುನಿರಾಜಣ್ಣ ಬಾಗಿಲಲ್ಲಿ ಇಣುಕಿ ಹೋದರು. ಊರಿನ ಆರು ಜನ ಕಣ್ಣಮುಂದೆ ಬಂದರು. ಮಾವನಿಗೆ ಫೋನ್ ಮಾಡಿದೆ.

"ಏನಮ್ಮ, ಊಟ ಆಯ್ತಾ?"

"ಕಣ್ಣು ಬರ್ತಿಲ್ಲ ಮಾವ."

"ಯಾವ ಗುಡಿಗೆ ಅಂತ ನೀನು ಹೇಳ್ಲೇ ಇಲ್ವಲ್ಲ ನಂಗೆ."

ವರ್ಷದಿಂದ ತಪ್ಪಿಸಿಕೊಂಡಿದ್ದ ಪ್ರಶ್ನೆ. "ಗುಡಿಗಲ್ಲ ಮಾವ. ಜೂಜಿನ ಮೆಷಿನ್ನಿಗೆ."

ಆ ಕಡೆಯಿಂದ ಯಲಹಂಕ ಜಂಕ್ಷನ್ನಿನ ರೈಲು ಕೂಗಿದ್ದು ಕೇಳಿಸಿತು. ಅದು ಪೂರ್ತಿ ಕೂಗಿ ಮುಗಿಸಿತು.

"ಧರ್ಮರಾಯ ಆಡಿದ್ದೇನು, ಕಬಡ್ಡಿನಾ?" ಎಂದರು ಮಾವ. "ಅವನಿಗೇ ಗುಡಿ ಕಟ್ಟಿ ವರ್ಷಾವರ್ಷ ಕರಗ ಎತ್ತೋರು ನಾವು. ನಂಗೆ ಮುಚ್ಚಿಟ್ಟಿದ್ದಕ್ಕೆ ಬಂದ್ಮೇಲೆ ಬೈತೀನಿ, ಅದು ಇರ್ಲಿ. ಈಗ ಹೇಳು, ಯಾರವಳು?"

ಹೇಳಿದೆ. ಹಾವು, ಕೋಪ, ಕಂಡವರು ಕಲ್ಲಾಗುವುದು.

"ಅಂಥವಳ ಎದುರಾ ಎದುರು ಕೂತ್ಕೊಂಡು ಕಣ್ಣು ಬರೀತಿದ್ಯಾ? ಬುದ್ಧಿ ಇದ್ಯೇನೆ? ಅವಳ ಮೊದಲನೇ ನೋಟ ನಿನ್ನ ಮೇಲೆ ಬೀಳುತ್ತೆ ಅಂತ ಕೈ ಹಿಂದೇಟು ಹಾಕ್ತಿದೆ. ಅದಕ್ಕೇ ಕರುಣೆ ತುಂಬ್ತಿದೀಯ. ಉಗ್ರದೇವತೆಗೆ ನಾನು ಯಾವತ್ತಾದ್ರೂ ಎದುರು ನಿಂತು ಬರ್ದಿದೀನಾ? ಪಕ್ಕಕ್ಕೆ ತಿರುಗಿ, ಕನ್ನಡೀಲಿ ನೋಡ್ಕೊಂಡು ಬರೀತೀನಿ. ಕನ್ನಡಿ ತಗೋ."

ಗೋಪುರದ ತುದಿಗೆ ನನ್ನನ್ನು ಅವರು ಹತ್ತಿಸಿದವರಲ್ಲ. ಹಾಗಾಗಿ ನನಗಿದು ಗೊತ್ತೇ ಇರಲಿಲ್ಲ. ಫೋನಿಟ್ಟು ಎಲೆನಿಯನ್ನು ಕನ್ನಡಿ ಕೇಳಿದೆ. ಯಾಕೆಂದು ಹೇಳಿದಾಗ ಅವಳು ನನ್ನನ್ನೇ ದಿಟ್ಟಿಸಿ ನೋಡಿದಳು.

"ನಿಮ್ಮ ಮಾವ ನಮ್ಮ ಕಥೆ ಓದಿದ್ದಾರಾ?"

"ಅವರು ಓದುವುದು ಪಂಚಾಂಗ ಒಂದೇ."

"ಮೆಡೂಸಾಳನ್ನು ಗೆದ್ದ ಪರ್ಸಿಯಸ್ ಮಾಡಿದ್ದೂ ಇದನ್ನೇ ಕಲಾ. ನೇರ ನೋಡಲಿಲ್ಲ. ಹೊಳೆಯುವ ಗುರಾಣಿಯಲ್ಲಿ ಅವಳ ಬಿಂಬ ನೋಡುತ್ತ ಹೋದ." ಹೇಳುತ್ತಲೇ ಓಡಿ, ಬಚ್ಚಲಮನೆಯ ಮೊಳೆಯಿಂದ ಅಮ್ಮನ ಕನ್ನಡಿಯನ್ನೇ ಕಿತ್ತು ತಂದಳು.

ಲ್ಯಾಪ್‌ಟಾಪನ್ನು ಪಕ್ಕಕ್ಕೆ ತಿರುಗಿಸಿಟ್ಟು, ಎಲೆನಿ ಎದುರಿಗೆ ಕನ್ನಡಿ ಹಿಡಿದು ಕೂತಳು. ನಾನು ಲ್ಯಾಪ್‌ಟಾಪಿಗೆ ಜೋಡಿಸಿದ ಬರೆಯುವ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕನ್ನಡಿಯೊಳಗೆ ನೋಡುತ್ತ ಬರೆದೆ. ಬಲಕ್ಕೆ ಎಳೆದರೆ ಗೆರೆ ಎಡಕ್ಕೆ ಹೋಗುತ್ತಿತ್ತು. ಬಾಲವಾಡಿಯ ಮಗುವಿನಂತೆ ಒಂದೊಂದು ಗೆರೆಯನ್ನೂ ಯೋಚಿಸಿ ಇಡಬೇಕಾಯಿತು. ಹಳೆಯ ಅಭ್ಯಾಸವೆಲ್ಲ ಅಲ್ಲಿ ಉಪಯೋಗಕ್ಕೆ ಬರಲಿಲ್ಲ. ಹೊರಗೆ ಇನ್ನೂ ಬಿಸಿಲಿರುವಾಗ ಕೊನೆಯ ಚುಕ್ಕಿ ಇಟ್ಟು, ಲ್ಯಾಪ್‌ಟಾಪನ್ನು ನೇರಕ್ಕೆ ತಿರುಗಿಸಿದೆ. ಎರಡು ಕಣ್ಣೂ ಸಮ ಇರಲಿಲ್ಲ. ಎಡಗಣ್ಣು ಒಂದು ಕೂದಲಿನಷ್ಟು ದೊಡ್ಡದಾಗಿ, ಕೊಂಚ ಮೇಲಿತ್ತು. ಅವಳು ನೋಡುತ್ತಿದ್ದಳು. ಯಲ್ಲಮ್ಮನಾಗಿರಲಿಲ್ಲ, ಯಾರ ಹಾಗೂ ಇರಲಿಲ್ಲ.

ಎಲೆನಿಯ ಅಮ್ಮ ಒರೆಸುವ ಬಟ್ಟೆ ಹಿಡಿದೇ ಬಂದು ಬಗ್ಗಿ ನೋಡಿದರು. ನೋಡಿ, ನನ್ನ ಕಡೆ ತಿರುಗಿ, "ಫ್ತು, ಫ್ತು, ಫ್ತು," ಎಂದರು.

ಮುನಿರಾಜಣ್ಣನ ಮುಖ ಕಪ್ಪಿಟ್ಟಿತು. "ಉಗುದ್ಬುಡ್ತಲ್ಲ ಕಲಮ್ಮ ಅಜ್ಜಿ! ಆಟೊಂದು ಕೆಟ್ಟದಾಗೈತಾ?"

ಎಲೆನಿ ನಕ್ಕು ನಕ್ಕು ಕನ್ನಡಿಯನ್ನು ಕೆಳಗಿಟ್ಟಳು. ಚೆನ್ನಾಗಿದ್ದರೆ ದೃಷ್ಟಿಯಾಗದಿರಲೆಂದು ಹಾಗೆ ಮಾಡುತ್ತಾರಂತೆ. ಇದನ್ನು ನಾನು ಕನ್ನಡದಲ್ಲಿ ಹೇಳಿದ ಮೇಲೆ ಮುನಿರಾಜಣ್ಣ ಆ ತಾಯಿಯ ಮುಂದೆ ಹೋಗಿ ಕೈಮುಗಿದರು. ಮುಚ್ಚಿಟ್ಟ ತಟ್ಟೆ ಹೊರಬಂತು. ಅಷ್ಟು ರುಚಿಯಾದ ಸೊಪ್ಪನ್ನು ನಾನು ಮತ್ತೆಲ್ಲೂ ತಿಂದಿಲ್ಲ. ಐದಕ್ಕೆ ಸರಿಯಾಗಿ ಯಾನಿಸ್ ಬಂದ.

ಸೋಮವಾರ

ಬಂದವನು ದಪ್ಪ ಮೀಸೆಯ, ಮಾತು ಕಡಿಮೆಯ ಮನುಷ್ಯ. ಯಂತ್ರದ ಮುಂದೆ ಕುರ್ಚಿ ಎಳೆದುಕೊಂಡು ಗುಂಡಿ ಒತ್ತುತ್ತ ಹೋದ. ಝ್ಯೂಸ್ ಬಂದ, ಅಥೀನಾ ಗೂಬೆಯೊಡನೆ ಬಂದಳು, ಅವನು ಅಲುಗಲಿಲ್ಲ. ಆಮೇಲೆ ನಡುಗಂಬದಲ್ಲಿ ಮೆಡೂಸಾ ನಿಂತಳು. ಕಣ್ಣು ಮಿನುಗಿತು. ಅಕ್ಕಪಕ್ಕದ ದೇವರುಗಳು ಬೂದು ಕಲ್ಲಾದರು. ಅವನು ಕೈ ಹಿಂದಕ್ಕೆ ತೆಗೆದ. ಎದ್ದು, ಕುರ್ಚಿಯನ್ನು ಯಂತ್ರದ ಎದುರಿನಿಂದ ಒಂದು ಪಕ್ಕಕ್ಕೆ ಸರಿಸಿ, ಓರೆಯಾಗಿ ಕೂತ.

"ಮುಗೀತು," ಎಂದರು ಮುನಿರಾಜಣ್ಣ ಉಸಿರಿನಲ್ಲಿ. ಕತ್ತು ಮಾತ್ರ ಅಲುಗಿಸಲಿಲ್ಲ.

ಆತ ಓರೆ ಕೂತುಕೊಂಡೇ ಇನ್ನೂ ಬಹಳ ಹೊತ್ತು ಆಡಿದ. ಆಮೇಲೆ ಎಲೆನಿಗೆ ಗ್ರೀಕಿನಲ್ಲಿ ಏನೋ ಕೇಳಿದ. ಅವಳು ನಮ್ಮ ಕಡೆ ತಿರುಗಿದಾಗ ಕೆನ್ನೆ ಕೆಂಪಾಗಿತ್ತು.

"ಉಳಿದ ನಾಲ್ಕು ಆಟ ಯಾವಾಗ ಕೊಡುತ್ತೀರಿ ಎಂದು ಕೇಳುತ್ತಿದ್ದಾರೆ."

ಮುನಿರಾಜಣ್ಣ ಅಲ್ಲೇ ಊರಿಗೆ ಫೋನ್ ಮಾಡಿದರು. "ಅವ್ವಾ, ಟೈಲ್ಸ್‌ನೋರಿಗೆ ಇಲ್ಲ ಅಂತ ಏಳ್ಬುಡು," ಎಂದಷ್ಟೇ ಹೇಳಿ ಇಟ್ಟರು. ನಾನು ಯಾನಿಸ್‌ಗೆ, ಎಲೆನಿಗೆ, ಆ ಮೀಸೆಯವನಿಗೆ ಎಷ್ಟು ಸಲ ಥ್ಯಾಂಕ್ಸ್ ಹೇಳಿದೆನೋ ಲೆಕ್ಕವಿಲ್ಲ. ಊರಿಗೆ ಬಂದ ಮೇಲೆ ಮಾವ ಮಾತು ಕೊಟ್ಟಂತೆ ಬೈದರು, ಅರ್ಧ ಗಂಟೆ, ಕಾಫಿ ಕುಡಿಯುತ್ತ.

ಆಮೇಲೆ

ಮುಂದಿನ ಬೇಸಿಗೆಯಲ್ಲಿ ಅಲ್ಲಿನ ಬ್ಯಾಂಕುಗಳು ಬಾಗಿಲು ಹಾಕಿದ ಸುದ್ದಿ ಟೀವಿಯಲ್ಲಿ ಬಂತು. ಕೆಲವೇ ವಾರಗಳಲ್ಲಿ ಎಲೆನಿಯ ಪತ್ರವೂ ಬಂತು. ಕಂಪನಿ ಅಥೆನ್ಸಿನ ಗೋದಾಮನ್ನು ಮುಚ್ಚಿ ಬೇರೆ ದೇಶಕ್ಕೆ ಹೋಗುತ್ತಿದೆ, ಅಮ್ಮನನ್ನು ಬಿಟ್ಟು ತಾನು ಹೋಗುವುದಿಲ್ಲ, ನಮ್ಮ ನಾಲ್ಕು ಆಟಗಳ ಕೆಲಸಕ್ಕೆ ತೊಂದರೆಯಿಲ್ಲ, ಇನ್ನು ಮುಂದೆ ಬೇರೊಬ್ಬರು ನೋಡಿಕೊಳ್ಳುತ್ತಾರೆ ಎಂದು ಬರೆದಿದ್ದಳು. ತನಗೆ ಕೆಲಸ ಬೇಕೆಂದು ಎಲ್ಲೂ ಕೇಳಿರಲಿಲ್ಲ.

ನಾನು ಅದನ್ನು ಕನ್ನಡದಲ್ಲಿ ಓದಿ ಹೇಳಿದೆ. ಮುನಿರಾಜಣ್ಣ ಎರಡನೇ ಸಲ ಓದಿಸಿದರು.

"ಆಯಮ್ಮ ಮನೇಲಿ ಕುಂತ್ಕಂಡೇ ನಮ್ಮ ಕೆಲ್ಸ ಮಾಡ್ಬೋದಲ್ವಾ?" ಎಂದರು. "ಬರಿ ಕಲಮ್ಮ."

ನಾನು ಬರೆದೆ. ಶ್ರಾವಣದ ಮೊದಲನೇ ಸೋಮವಾರದಿಂದ ಎಲೆನಿ ಅಮೃತಹಳ್ಳಿಯ ಆಫೀಸಿನವಳಾದಳು. ಅವರಿಗೆ ಬೆಳಿಗ್ಗೆ, ನಮಗೆ ಊಟದ ಹೊತ್ತು. ಪರದೆಯಲ್ಲಿ ಅವಳ ಹಿಂದೆ ಅವರಮ್ಮ ಸೊಪ್ಪು ಬಿಡಿಸುತ್ತ ಕೂತಿರುತ್ತಾರೆ.